ಮದ್ರಸದಲ್ಲಿ ಒಂದೇ ಬೆಂಚು, ಎಂಟೂವರೆಗೆ ಎರಡು ದಾರಿ

ಬೆಳಗ್ಗೆ ಎಂಟೂವರೆಗೆ ಮದ್ರಸ ಬಿಡುವ ಹೊತ್ತಿಗೆ ನಮ್ಮ ಕಡೆಯ ಯಾವುದಾದರೂ ಮೊಹಲ್ಲಾದ ಮಸೀದಿ ಗೇಟಿನ ಹತ್ತಿರ ಐದು ನಿಮಿಷ ನಿಂತು ನೋಡಿ. ಅಷ್ಟು ಹೊತ್ತು ಒಂದೇ ಬೆಂಚಿನಲ್ಲಿ ಮೈಗೆ ಮೈ ತಾಗಿಸಿ ಕುಳಿತು, ಒಂದೇ ಪಾಠವನ್ನು ಒಂದೇ ರಾಗದಲ್ಲಿ ಓದಿದ ಮಕ್ಕಳು ಅವರು. ದುಬೈಯಲ್ಲಿ ಅಂಗಡಿ ಇರುವವರ ಮಗ, ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರ ಮಗ, ಬೀಡಿ ಕಟ್ಟಿ ಮನೆ ನಡೆಸುವ ಉಮ್ಮನ ಮಗಳು, ರಿಕ್ಷಾ ಓಡಿಸುವವರ ಮಗಳು. ಉಸ್ತಾದರ ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಂದೊಂದು ಸಾಲು. ಗೇಟು ದಾಟಿದ ಮೇಲೆ ಹತ್ತೇ ಹೆಜ್ಜೆ. ಒಂದಷ್ಟು ಮಕ್ಕಳು ಟೈ ಸರಿಮಾಡಿಕೊಂಡು ಹಳದಿ ಬಸ್ಸು ಹತ್ತುತ್ತಾರೆ. ಉಳಿದವರು ಚೀಲ ಹೆಗಲಿಗೇರಿಸಿ ಗುಡ್ಡದ ಬದಿಯ ಸರಕಾರಿ ಶಾಲೆಗೆ ನಡೆಯುತ್ತಾರೆ. ಮರುದಿನ ಬೆಳಗ್ಗೆ ಏಳು ಗಂಟೆಯವರೆಗೆ ಇವರಿಗೂ ಅವರಿಗೂ ಭೇಟಿ ಇಲ್ಲ.

ಯಾರ ಮೇಲೂ ಬೆರಳು ತೋರಿಸಲಿಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಯ ಮಕ್ಕಳನ್ನು ನಾವು ಹತ್ತಿಸಿದ್ದು ಕೂಡ ಆ ಹಳದಿ ಬಸ್ಸಿಗೇ. ಕಳೆದ ಮಳೆಗಾಲದಲ್ಲಿ ಎರಡನೇ ತರಗತಿಯ ಮಗಳು ಕೇಳಿದಳು: "ಅವಳು ಯಾಕೆ ನಮ್ಮ ಬಸ್ಸಿಗೆ ಬರುವುದಿಲ್ಲ?" ಮದ್ರಸದಲ್ಲಿ ಪಕ್ಕದಲ್ಲೇ ಕೂರುವ ಗೆಳತಿಯ ಬಗ್ಗೆ ಕೇಳಿದ್ದು. ಅವಳ ಶಾಲೆ ಬೇರೆ ಎಂದೆವು. "ಬೇರೆ ಯಾಕೆ?" ಅದಕ್ಕೆ ಉತ್ತರ ನಮಗೆ ಗೊತ್ತಿತ್ತು, ಹೇಳಲಿಕ್ಕೆ ಬಾಯಿ ಬರಲಿಲ್ಲ. ಫೀಸು ಎಂದು ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು ಮಾರಾಯ್ರೆ?

ಆ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಶಾಲೆ ಎಂದರೆ ಪಾಠ, ಪುಸ್ತಕ, ಮಾಧ್ಯಮ, ಕಟ್ಟಡ, ಮಾರ್ಕು ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ಪಕ್ಕದಲ್ಲಿ ಯಾರು ಕೂರುತ್ತಾರೆ ಎನ್ನುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಮಗುವಿನ ಮುಂದಿನ ಬದುಕಿನ ಒಂದು ದೊಡ್ಡ ಪಾಲು ಆ ಪಕ್ಕದ ಸೀಟಿನಲ್ಲೇ ತೀರ್ಮಾನ ಆಗುತ್ತದೆ ಎಂಬುದಕ್ಕೆ ಈಗ ಸಾಕಷ್ಟು ಪುರಾವೆ ಉಂಟು.

ನಮ್ಮ ಕಾಲದ ಬೆಂಚು

ನಾವು ಕಲಿತದ್ದು ನೇತ್ರಾವತಿಯ ಆಚೆ ಬದಿಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ನಮ್ಮ ತರಗತಿಯಲ್ಲಿ ಗುತ್ತಿನ ಮನೆಯ ಹುಡುಗನೂ ಇದ್ದ, ಆ ಮನೆಯ ಗದ್ದೆಯಲ್ಲಿ ನೇಜಿ ನೆಡುವವರ ಮಗಳೂ ಇದ್ದಳು. ಬೇಕರಿ ಇಟ್ಟಿದ್ದ ಪೊರ್ಬುಗಳ ಮಗ, ಜವಳಿ ಅಂಗಡಿಯ ಬ್ಯಾರಿ ಸಾಹುಕಾರರ ಮಗ, ಮೇಷ್ಟ್ರ ಮಗಳು, ಬೀಡಿ ಬ್ರಾಂಚಿನಲ್ಲಿ ಎಲೆ ಅಳೆಯುವವರ ಮಗ ಎಲ್ಲ ಇದ್ದರು. ಅದು ಸ್ವರ್ಗ ಆಗಿರಲಿಲ್ಲ. ಯಾರ ಮನೆಯಲ್ಲಿ ಯಾರು ನೀರು ಕುಡಿಯಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದು ನಮಗೆ ಎಲ್ಲರಿಗೂ ಗೊತ್ತಿತ್ತು. ಆದರೂ ಏಳು ವರ್ಷ ಒಂದೇ ಮಾಡಿನ ಕೆಳಗೆ ಕೂತೆವು, ಒಂದೇ ಮೈದಾನದಲ್ಲಿ ಲಗೋರಿ ಆಡಿದೆವು.

ನಮ್ಮ ಜೊತೆಗಾರ ಒಬ್ಬನ ಬಾಪ ಮರದ ಲಾರಿಗೆ ಲೋಡ್ ಮಾಡುವವರು. ಏಳನೇ ಕ್ಲಾಸು ಮುಗಿದ ಕೂಡಲೇ ಹುಡುಗನನ್ನು ಮುಂಬೈಯ ಒಂದು ಅಂಗಡಿಗೆ ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಆಗ ನಮ್ಮ ಮೇಷ್ಟ್ರ ಹಿರಿಯ ಮಗ ಕದ್ರಿಯ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದರು. ಒಂದು ದಿನ ತಂಗಿಯನ್ನು ಕರೆದುಕೊಂಡು ಹೋಗಲು ಬಂದವರು ಶಾಲೆಯ ಹಲಸಿನ ಮರದಡಿ ನಿಂತು, ಹತ್ತನೇ ಕ್ಲಾಸು ಪಾಸಾದರೆ ಮೂರು ವರ್ಷದ ಡಿಪ್ಲೊಮಾ ಉಂಟು, ಸರಕಾರಿಯಾದ್ದರಿಂದ ಫೀಸು ಹೆಚ್ಚಿಲ್ಲ, ಅರ್ಜಿ ಇಂಥ ತಿಂಗಳಲ್ಲಿ ಕರೆಯುತ್ತಾರೆ ಎಂದು ಹೇಳಿದರು. ನಾವು ಏಳೆಂಟು ಮಂದಿ ಕೇಳಿದೆವು, ಮರೆತೆವು. ಅವನು ಮರೆಯಲಿಲ್ಲ. ಮನೆಯಲ್ಲಿ ಹಠ ಹಿಡಿದು ಹೈಸ್ಕೂಲಿಗೆ ಹೋದ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ, ಡಿಪ್ಲೊಮಾ ಮಾಡಿದ, ಜುಬೈಲ್‌ಗೆ ಹೋದ. ಅವನ ಇಬ್ಬರು ತಂಗಿಯಂದಿರು ಇವತ್ತು ಟೀಚರ್‌ಗಳು.

ಅವನ ತಲೆಯಲ್ಲಿ ಬುದ್ಧಿ ಮೊದಲೇ ಇತ್ತು. ಹಲಸಿನ ಮರದಡಿ ಅವನಿಗೆ ಸಿಕ್ಕಿದ್ದು ಒಂದು ಸುದ್ದಿ. ಇಂಥದ್ದೊಂದು ಕೋರ್ಸು ಉಂಟು, ಅದಕ್ಕೆ ನಮ್ಮಂಥವರೂ ಹೋಗಬಹುದು ಎಂಬ ಸುದ್ದಿ. ಉಳ್ಳವರ ಮನೆಯಲ್ಲಿ ಇಂಥ ಸುದ್ದಿಗಳು ಊಟದ ಹೊತ್ತಿಗೆ ತಾನಾಗಿ ಕಿವಿಗೆ ಬೀಳುತ್ತವೆ. ಯಾವ ಪರೀಕ್ಷೆ, ಯಾವ ಅರ್ಜಿ, ಯಾವ ದಿನಾಂಕ, ಯಾರನ್ನು ಕೇಳಬೇಕು. ಇಲ್ಲದವರ ಮನೆಯಲ್ಲಿ ಹಣದ ಕೊರತೆಯ ಜೊತೆಗೆ ಈ ಸುದ್ದಿಯ ಕೊರತೆಯೂ ಇರುತ್ತದೆ. ಮೊದಲನೆಯದಕ್ಕೆ ಸ್ಕಾಲರ್‌ಶಿಪ್ ಕೊಡಬಹುದು. ಎರಡನೆಯದನ್ನು ತುಂಬುವುದು ಗೆಳೆತನ ಮಾತ್ರ.

ಅಮೆರಿಕದಲ್ಲಿ ಅಳೆದ ಗೆಳೆತನ

ಇದು ಹಳೆಯ ಕಾಲದ ನೆನಪಿನ ಮಾತು ಎಂದು ಯಾರಾದರೂ ತಳ್ಳಿಹಾಕಬಹುದು. ಆದ್ದರಿಂದ ಲೆಕ್ಕವನ್ನೇ ನೋಡೋಣ. ದಿಲ್ಲಿಯಲ್ಲಿ ಹುಟ್ಟಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು 2022ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಏಳು ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ, ಒಟ್ಟು 2,100 ಕೋಟಿ ಗೆಳೆತನಗಳನ್ನು ಹೆಸರಿಲ್ಲದ ಅಂಕಿಗಳಾಗಿ ತೆಗೆದುಕೊಂಡು, ಯಾವ ಊರಿನಲ್ಲಿ ಬಡವರಿಗೆ ಎಷ್ಟು ಮಂದಿ ಅನುಕೂಲಸ್ಥ ಗೆಳೆಯರಿದ್ದಾರೆ ಎಂದು ಎಣಿಸಿದರು.

ಬಂದ ಫಲಿತಾಂಶ ಹೀಗೆ. ಬಡವರ ಮಗು ಮುಂದೆ ಮೇಲೆ ಬರುತ್ತದೆಯೇ ಎಂಬುದರ ಜೊತೆ ಬಲವಾಗಿ ಹೆಣೆದುಕೊಂಡ ಸಂಗತಿಗಳಲ್ಲಿ ಒಂದು, ಆ ಊರಿನಲ್ಲಿ ಬಡವ ಬಲ್ಲಿದರ ನಡುವೆ ಗೆಳೆತನ ಎಷ್ಟಿದೆ ಎಂಬುದು. ಉಳ್ಳವರ ಮಗುವಿಗೆ ಇರುವಷ್ಟೇ ಅನುಕೂಲಸ್ಥ ಗೆಳೆಯರು ಸಿಗುವ ಊರಿನಲ್ಲಿ ಬಡವರ ಮಗು ಬೆಳೆದರೆ, ದೊಡ್ಡದಾದ ಮೇಲೆ ಅದರ ಸಂಪಾದನೆ ಸರಾಸರಿ ಶೇ.20ರಷ್ಟು ಹೆಚ್ಚುತ್ತದೆ ಎಂದು ಅವರು ಅಂದಾಜು ಮಾಡಿದರು.

ಅದೇ ಅಧ್ಯಯನದಲ್ಲಿ ಇನ್ನೆರಡು ಮಾತು ನಮಗೆ ಮುಖ್ಯ. ಒಂದು, ಗೆಳೆತನ ಆಗದಿರಲು ಕಾರಣ ಎರಡು ಪಾಲಾಗಿ ಸಿಕ್ಕಿತು. ಅರ್ಧದಷ್ಟು, ಬಡವರೂ ಉಳ್ಳವರೂ ಒಂದೇ ಜಾಗದಲ್ಲಿ ಸೇರುವುದೇ ಇಲ್ಲ ಎಂಬುದು. ಇನ್ನರ್ಧ, ಒಂದೇ ಜಾಗದಲ್ಲಿ ಸೇರಿದರೂ ತಮ್ಮ ತಮ್ಮ ಗುಂಪಿನವರನ್ನೇ ಗೆಳೆಯರಾಗಿ ಆರಿಸಿಕೊಳ್ಳುತ್ತಾರೆ ಎಂಬುದು. ಎರಡನೆಯದು, ಪ್ರಾರ್ಥನೆಯ ಜಾಗಗಳಲ್ಲಿ ಈ ಆರಿಸುವ ಚಾಳಿ ಬೇರೆ ಕಡೆಗಿಂತ ಕಡಿಮೆ ಎಂಬುದು. ಅದನ್ನು ಓದಿದಾಗ ನಮಗೆ ನೆನಪಾದದ್ದು ಮದ್ರಸದ ಆ ಬೆಂಚು. ನಮ್ಮ ಮಕ್ಕಳು ಏಳರಿಂದ ಎಂಟೂವರೆವರೆಗೆ ಏನನ್ನು ಸಹಜವಾಗಿ ಮಾಡುತ್ತಾರೋ, ಎಂಟೂವರೆಗೆ ನಾವೇ ಅದನ್ನು ಕತ್ತರಿಸುತ್ತೇವೆ.

ದಿಲ್ಲಿಯ ರಿಲೇ ಓಟ

"ಬಡವರಿಗೆ ಲಾಭ ಆಗಬಹುದು, ನಮ್ಮ ಮಕ್ಕಳಿಗೆ ಏನು ಸಿಗುತ್ತದೆ? ಬೈಗುಳ ಕಲಿತು ಬರುತ್ತಾರೆ ಅಷ್ಟೆ." ಈ ಮಾತನ್ನು ನಾವು ಮದುವೆ ಹಾಲ್‌ಗಳಲ್ಲಿ, ಪೇರೆಂಟ್ಸ್ ಮೀಟಿಂಗ್‌ಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದಕ್ಕೂ ಉತ್ತರ ಉಂಟು, ಅದೂ ನಮ್ಮ ದೇಶದಿಂದಲೇ.

ದಿಲ್ಲಿಯಲ್ಲಿ ಸರಕಾರದಿಂದ ಅಗ್ಗದಲ್ಲಿ ಜಾಗ ಪಡೆದ ಖಾಸಗಿ ಶಾಲೆಗಳು 2007ರಿಂದ ಶೇ.20ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಉಚಿತವಾಗಿ ಕೊಡಬೇಕಾಯಿತು. ಹಾಗಾಗಿ ಒಂದೇ ಶಾಲೆಯಲ್ಲಿ ಕೆಳಗಿನ ತರಗತಿಗಳಲ್ಲಿ ಬಡ ಮಕ್ಕಳಿದ್ದರು, ಮೇಲಿನ ತರಗತಿಗಳಲ್ಲಿ ಇರಲಿಲ್ಲ. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಈ ವ್ಯತ್ಯಾಸವನ್ನೇ ಹಿಡಿದು 17 ಶಾಲೆಗಳ ಸುಮಾರು 2,000 ಮಕ್ಕಳನ್ನು ಗಮನಿಸಿದರು. ಅಧ್ಯಯನ 2019ರಲ್ಲಿ 'ಅಮೆರಿಕನ್ ಇಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಬಂತು.

ಅವರು ಮಾಡಿದ ಒಂದು ಪರೀಕ್ಷೆ ರಿಲೇ ಓಟದ್ದು. ಶ್ರೀಮಂತ ಮಕ್ಕಳಿಗೆ ತಂಡದ ಜೊತೆಗಾರನನ್ನು ಆರಿಸಲು ಹೇಳಿದರು. ವೇಗವಾಗಿ ಓಡುವ ಬಡ ಹುಡುಗನೋ, ನಿಧಾನ ಓಡುವ ತಮ್ಮಂಥದೇ ಹುಡುಗನೋ? ಗೆದ್ದವರಿಗೆ ಹಣದ ಬಹುಮಾನ. ಬಹುಮಾನ ಚಿಕ್ಕದಿದ್ದಾಗ ಹಲವರು ಸೋಲು ಬಂದರೂ ಪರವಾಗಿಲ್ಲ ಎಂದು ತಮ್ಮವನನ್ನೇ ಆರಿಸಿದರು. ಆದರೆ ಬಡ ಸಹಪಾಠಿಗಳ ಜೊತೆ ಕಲಿತ ಮಕ್ಕಳಲ್ಲಿ ಈ ತಾರತಮ್ಯ ಎದ್ದು ಕಾಣುವಷ್ಟು ಕಡಿಮೆ ಇತ್ತು. ಅವರು ದಾನಕ್ಕೂ ಸ್ವಯಂಸೇವೆಗೂ ಹೆಚ್ಚು ಮುಂದಾದರು. ಬಡ ಮಕ್ಕಳ ಜೊತೆ ಆಟಕ್ಕೆ ಹೋಗಲೂ ಹೆಚ್ಚು ಒಪ್ಪಿದರು.

ಪಾಠದ ವಿಷಯ? ಹಿಂದಿ ಮತ್ತು ಗಣಿತದ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಂಗ್ಲಿಷ್ ಅಂಕಗಳು ಸ್ವಲ್ಪ ಇಳಿದವು. ಬೈಗುಳದ ಭಯಕ್ಕೂ ಅಷ್ಟಿಷ್ಟು ಆಧಾರ ಸಿಕ್ಕಿತು, ಬೇಡದ ಮಾತು ಸ್ವಲ್ಪ ಹೆಚ್ಚಿತ್ತು. ಆದರೆ ಬೇರೆ ಅಶಿಸ್ತು ಹೆಚ್ಚಲಿಲ್ಲ. ಖರ್ಚು ಏನೂ ಇಲ್ಲ ಎಂದು ನಾವು ಹೇಳುವುದಿಲ್ಲ. ಇಷ್ಟು ಸಣ್ಣ ಖರ್ಚಿಗೆ, ಎದುರಿನ ಮನುಷ್ಯನನ್ನು ಬಟ್ಟೆ ನೋಡಿ ಅಳೆಯದ ಮಗು ಸಿಗುವುದಾದರೆ ಅದು ನಷ್ಟದ ವ್ಯಾಪಾರವೇ? ವ್ಯಾಪಾರ ಗೊತ್ತಿರುವ ಸಮುದಾಯ ನಮ್ಮದು, ಲೆಕ್ಕ ಹಾಕಿ ನೋಡಿ.

ಇನ್ನೊಂದು ಸಣ್ಣ ಸಂಗತಿ. ಅಲ್ಲಿನ ಕೆಲವು ಶಾಲೆಗಳು ಗುಂಪು ಓದಿಗೆ ಮಕ್ಕಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಹಂಚುತ್ತಿದ್ದವು. ಹಾಗೆ ಅಕಸ್ಮಾತ್ ಬಡ ಮಗುವಿನ ಗುಂಪಿಗೆ ಬಿದ್ದವರಲ್ಲಿ ಬದಲಾವಣೆ ಚೆನ್ನಾಗಿ ಕಂಡಿತು. ಅಂದರೆ ಒಂದೇ ಕಟ್ಟಡದಲ್ಲಿ ಇದ್ದರೆ ಸಾಲದು, ಒಟ್ಟಿಗೆ ಕೂತು ಕೆಲಸ ಮಾಡಬೇಕು.

ದುಡ್ಡು ಹಾಕಿದರೆ ಸಾಲದೇ?

ಬಡವರ ಶಾಲೆಗೆ ಕಟ್ಟಡ, ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಕೊಟ್ಟರೆ ಆಯಿತಲ್ಲ, ಬೆರೆಸುವ ಗೊಡವೆ ಯಾಕೆ ಎಂದು ಕೇಳುವವರೂ ಇದ್ದಾರೆ. ನಮ್ಮ ದಾನಿಗಳು ಇಂಥ ಕೆಲಸ ಬಹಳ ಮಾಡಿದ್ದಾರೆ, ಅದು ಬೇಕು ಕೂಡ. ಆದರೆ ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದ ಮಾಂಟ್ಗೊಮರಿ ಕೌಂಟಿಯ ಅನುಭವ ಬೇರೆಯೇ ಹೇಳುತ್ತದೆ. ಅಲ್ಲಿ ಬಡ ಕುಟುಂಬಗಳಿಗೆ ಸರಕಾರಿ ಬಾಡಿಗೆ ಮನೆಗಳನ್ನು ಲಾಟರಿಯ ಹಾಗೆ ಹಂಚುತ್ತಿದ್ದರು. ಕೆಲವರಿಗೆ ಅನುಕೂಲಸ್ಥರ ಬಡಾವಣೆಯಲ್ಲಿ ಮನೆ ಸಿಕ್ಕಿ ಮಕ್ಕಳು ಅಲ್ಲಿನ ಶಾಲೆಗೆ ಹೋದರು. ಕೆಲವರಿಗೆ ಬಡವರೇ ಹೆಚ್ಚಿರುವ ಕಡೆ ಸಿಕ್ಕಿತು. ಆ ಬಡ ಪ್ರದೇಶದ ಶಾಲೆಗಳಿಗೆ ಆಡಳಿತ ಹೆಚ್ಚಿನ ಹಣ ಸುರಿದಿತ್ತು, ತರಗತಿಗಳನ್ನು ಚಿಕ್ಕದು ಮಾಡಿತ್ತು.

ಹೀದರ್ ಶ್ವಾರ್ಟ್ಸ್ ಎಂಬ ಸಂಶೋಧಕಿ ಇಂಥ ಸುಮಾರು 850 ಮಕ್ಕಳನ್ನು 2001ರಿಂದ 2007ರವರೆಗೆ ಹಿಂಬಾಲಿಸಿ 2010ರಲ್ಲಿ ವರದಿ ಕೊಟ್ಟರು. ಹೆಚ್ಚಿನ ಹಣ ಪಡೆದ ಶಾಲೆಯ ಮಕ್ಕಳಿಗಿಂತ, ಅನುಕೂಲಸ್ಥರ ಮಕ್ಕಳ ಜೊತೆ ಕೂತು ಕಲಿತ ಬಡ ಮಕ್ಕಳೇ ಮುಂದೆ ಹೋಗಿದ್ದರು. ಪ್ರಾಥಮಿಕ ಶಾಲೆ ಮುಗಿಯುವಾಗ ಗಣಿತದಲ್ಲಿ ಉಳ್ಳವರ ಮಕ್ಕಳಿಗೂ ಇವರಿಗೂ ಇದ್ದ ಅಂತರದ ಅರ್ಧವನ್ನು ಅವರು ತುಂಬಿಕೊಂಡಿದ್ದರು.

ಯಾಕೆ ಹೀಗೆ? ನಮ್ಮದೇ ಊರಿನ ಸರಕಾರಿ ಶಾಲೆಯನ್ನು ನೋಡಿದರೆ ಅರ್ಥ ಆಗುತ್ತದೆ. ನಾವು ಕಲಿಯುವಾಗ ಒಂದೊಂದು ತರಗತಿಗೆ ನಲ್ವತ್ತು ಮಕ್ಕಳಿದ್ದ ಶಾಲೆಯಲ್ಲಿ ಈಗ ಇಡೀ ಶಾಲೆಗೇ ನಲ್ವತ್ತು. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಬರುವವರು ಐದಾರು ತಾಯಂದಿರು. ಅವರು ಒಂದು ದಿನದ ಬೀಡಿ ಬಿಟ್ಟು ಬಂದವರು. ಟೀಚರ್ ವರ್ಗಾವಣೆ ಆಗಿ ಹೋದರೆ ಬೇರೆಯವರನ್ನು ಕೊಡಿ ಎಂದು ಶಿಕ್ಷಣ ಕಚೇರಿಗೆ ಹೋಗಿ ಗಟ್ಟಿಯಾಗಿ ಕೇಳಲು ಅವರಿಗೆ ಹಿಂಜರಿಕೆ. ಹಿಂದೆ ಆ ಕೆಲಸವನ್ನು ಜವಳಿ ಅಂಗಡಿಯ ಸಾಹುಕಾರರೂ ಗುತ್ತಿನ ಮನೆಯವರೂ ಮಾಡುತ್ತಿದ್ದರು. ಯಾಕೆಂದರೆ ಅವರ ಮಕ್ಕಳೂ ಅಲ್ಲೇ ಇದ್ದರು. ನಾವು ಹಳದಿ ಬಸ್ಸು ಹತ್ತಿಸಿದಾಗ ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ, ನಮ್ಮ ದನಿಯನ್ನೂ ಕರೆದುಕೊಂಡು ಹೋದೆವು.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇದನ್ನು ಮೊದಲೇ ಕಂಡಿತ್ತು. ಒಂದು ಊರಿನ ಎಲ್ಲ ಮಕ್ಕಳೂ, ಯಾವ ಜಾತಿ ಯಾವ ಅಂತಸ್ತು ಎಂದು ನೋಡದೆ, ನೆರೆಹೊರೆಯ ಒಂದೇ ಶಾಲೆಗೆ ಹೋಗಬೇಕು ಎಂದು ಅದು ಶಿಫಾರಸು ಮಾಡಿತು. ಆ ಶಿಫಾರಸು ಕಾಗದದಲ್ಲೇ ಉಳಿಯಿತು.

ನಾಲ್ಕರಲ್ಲಿ ಒಂದು ಸೀಟಿನ ಕಥೆ

ಕಾಗದದಿಂದ ಸ್ವಲ್ಪ ಹೊರಗೆ ಬಂದದ್ದು ಶಿಕ್ಷಣ ಹಕ್ಕು ಕಾಯ್ದೆ. 2009ರಲ್ಲಿ ಆದ ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅನುದಾನ ಇಲ್ಲದ ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ ಕನಿಷ್ಠ ಶೇ.25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕು, ಹಣವನ್ನು ಸರಕಾರ ತುಂಬಿಕೊಡಬೇಕು ಎಂದು ಅದರಲ್ಲಿ ಬರೆಯಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಈ ಸೀಟುಗಳಿಗೆ ಪೋಷಕರು ಸಾಲುಗಟ್ಟಿದ್ದನ್ನು ನಾವು ನೋಡಿದ್ದೇವೆ. ಸೈಬರ್ ಸೆಂಟರ್‌ಗಳಲ್ಲಿ ಆಧಾರ್ ಕಾರ್ಡು, ಆದಾಯ ಪ್ರಮಾಣಪತ್ರ ಹಿಡಿದು ನಿಂತ ಉಮ್ಮಂದಿರನ್ನು ನೋಡಿದ್ದೇವೆ. ಆದರೆ 2019ರ ಆರಂಭದಲ್ಲಿ ರಾಜ್ಯ ಸರಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ಅದೇ ಮೇ ತಿಂಗಳ ಕೊನೆಗೆ ಹೈಕೋರ್ಟ್ ಕೂಡ ಅದನ್ನು ಒಪ್ಪಿತು. ರಾಜ್ಯದಲ್ಲಿ ಲಕ್ಷಕ್ಕೂ ಮೀರಿ ಇದ್ದ ಸೀಟುಗಳು ಒಂದೇ ವರ್ಷದಲ್ಲಿ ಕೆಲವು ಸಾವಿರಗಳಿಗೆ ಇಳಿದವು. ನಮ್ಮ ಜಿಲ್ಲೆಯಂಥ ಕಡೆ ಸರಕಾರಿ ಶಾಲೆ ಇಲ್ಲದ ನೆರೆಹೊರೆ ಎಲ್ಲಿ ಉಂಟು? 2024ರಲ್ಲಿ ಮಹಾರಾಷ್ಟ್ರ ಸರಕಾರವೂ ಇಂಥದ್ದೇ ನಿಯಮ ತಂದಿತು. ಅಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಇಲ್ಲಿ ಹಾಗಾಗಲಿಲ್ಲ.

ಸರಕಾರದ ವಾದದಲ್ಲೂ ಹುರುಳಿತ್ತು. ಖಾಸಗಿ ಶಾಲೆಗೆ ಹಣ ಕೊಟ್ಟು ಸರಕಾರಿ ಶಾಲೆ ಖಾಲಿ ಮಾಡುವುದು ಯಾಕೆ ಎಂದು ಅವರು ಕೇಳಿದರು. ಸರಿ. ಆದರೆ ಸೀಟು ನಿಂತ ಮೇಲೆ ಉಳ್ಳವರು ಸರಕಾರಿ ಶಾಲೆಗೆ ವಾಪಸು ಬಂದರೇ? ಇಲ್ಲ. ಬಡವರು ಸಾಲ ಮಾಡಿ ಫೀಸು ಕಟ್ಟಿದರು, ಇಲ್ಲವೇ ಗುಡ್ಡದ ಬದಿಯ ದಾರಿ ಹಿಡಿದರು. ಬೆರೆಯುವ ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಲಿಲ್ಲ.

ನಮ್ಮದೇ ಶಾಲೆಗಳ ಮಾತು

ಈಗ ಸ್ವಲ್ಪ ಕಹಿ ಮಾತು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಶೇ.25ರ ನಿಯಮ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಅನುದಾನರಹಿತ ಶಾಲೆಗಳಿಗೆ ಹೇಳಿತು, 2014ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅನುದಾನಿತ ಶಾಲೆಗಳಿಗೂ ವಿಸ್ತರಿಸಿತು. ನಮ್ಮ ಸಂಸ್ಥೆಗಳನ್ನು ನಾವೇ ನಡೆಸುವ ಹಕ್ಕು ಸಂವಿಧಾನ ಕೊಟ್ಟದ್ದು, ಅದು ಅಮೂಲ್ಯ. ಆದರೆ ಕಾನೂನು 'ಕೊಡಬೇಕಾಗಿಲ್ಲ' ಎಂದದ್ದನ್ನು 'ಕೊಡಬಾರದು' ಎಂದು ನಾವು ಓದಿಕೊಂಡಿಲ್ಲವೇ?

ಕಳೆದ ಕೆಲವು ದಶಕಗಳಲ್ಲಿ ಕರಾವಳಿಯಲ್ಲಿ ನಮ್ಮವರು ಕಟ್ಟಿದ ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ನೋಡಿದರೆ ಹೆಮ್ಮೆ ಆಗುತ್ತದೆ. ಹೆಣ್ಣುಮಕ್ಕಳು ಓದಿದರು, ಡಾಕ್ಟರು ವಕೀಲರು ಆದರು. ಆದರೆ ಆ ಶಾಲೆಗಳಿಗೆ ಹಣ ಕೊಟ್ಟವರು ಗಲ್ಫ್‌ನ ಸೂಪರ್ ಮಾರ್ಕೆಟ್ ಮಾಲಕರು ಮಾತ್ರ ಅಲ್ಲ. ಜಮಾಅತ್‌ನ ರಶೀದಿ ಪುಸ್ತಕದಲ್ಲಿ ಬೀಡಿ ಕಟ್ಟುವ ಉಮ್ಮನ ನೂರು ರೂಪಾಯಿಯೂ ಉಂಟು. ಅವಳ ಮಗಳು ಆ ಗೇಟಿನ ಹೊರಗೆ ಇದ್ದರೆ ಆ ನೂರು ರೂಪಾಯಿಗೆ ನಾವು ಏನು ಉತ್ತರ ಹೇಳುವುದು?

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿ ಕೊಟ್ಟ ವರದಿಯನ್ನು ನಾವು ವೇದಿಕೆಗಳಲ್ಲಿ ಬಹಳ ಉದ್ಧರಿಸುತ್ತೇವೆ. ಅದರಲ್ಲಿ ಒಂದು ಶಿಫಾರಸನ್ನು ಮಾತ್ರ ಅಷ್ಟಾಗಿ ಎತ್ತುವುದಿಲ್ಲ. ಶಿಕ್ಷಣ ಸಂಸ್ಥೆ, ಉದ್ಯೋಗ, ವಸತಿ ಎಲ್ಲದರಲ್ಲೂ ಎಷ್ಟು ವೈವಿಧ್ಯ ಇದೆ ಎಂದು ಅಳೆಯುವ ಸೂಚ್ಯಂಕ ಬೇಕು, ಹೆಚ್ಚು ಬೆರೆತಿರುವ ಸಂಸ್ಥೆಗೆ ಪ್ರೋತ್ಸಾಹ ಸಿಗಬೇಕು ಎಂದು ಸಮಿತಿ ಹೇಳಿತ್ತು. ಬೇರೆಯವರು ನಮ್ಮನ್ನು ಹೊರಗಿಡಬಾರದು ಎಂದು ಕೇಳುವಾಗ, ನಮ್ಮ ಒಳಗೇ ಇರುವ ಗೇಟುಗಳನ್ನೂ ನಾವು ನೋಡಬೇಕಲ್ಲವೇ? ನಮ್ಮ ಶಾಲೆಗಳಲ್ಲಿ ಪಕ್ಕದ ಕಾಲನಿಯ ಬೇರೆ ಧರ್ಮದ ಬಡ ಮಗುವಿಗೆ ಎಷ್ಟು ಜಾಗ ಇದೆ ಎಂಬುದೂ ಅದೇ ಪ್ರಶ್ನೆಯ ಇನ್ನೊಂದು ಬದಿ.

ಹರೇಕಳ ಹಾಜಬ್ಬರ ಕಥೆ ನಮಗೆಲ್ಲ ಬಾಯಿಪಾಠ. ಕಿತ್ತಳೆಯ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದ ವಿದೇಶಿಯರಿಗೆ ಉತ್ತರ ಕೊಡಲಾಗದ ನೋವಿನಿಂದ ಅವರು ನ್ಯೂಪಡ್ಪುವಿನಲ್ಲಿ ಶಾಲೆ ಆಗಲಿಕ್ಕೆ ದುಡಿದರು, 28 ಮಕ್ಕಳಿಂದ ಶುರುವಾಯಿತು, 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು. ನಾವು ಗಮನಿಸದೆ ಬಿಡುವ ಒಂದು ವಿಷಯ ಉಂಟು. ಬುಟ್ಟಿ ಹೊತ್ತು ದುಡಿದ ಹಣದಿಂದ ಅವರು ಊರಿಗೆ ತಂದದ್ದು ಸರಕಾರಿ ಶಾಲೆ. ಆ ಗೇಟಿನಲ್ಲಿ ಬಾಪನ ಸಂಬಳ ಕೇಳುವವರಿಲ್ಲ.

ಸೇರಿಸಿಕೊಂಡರೆ ಮುಗಿಯಲಿಲ್ಲ

ಉಚಿತ ಸೀಟು ಕೊಟ್ಟ ಮೇಲೂ ಮಗುವನ್ನು ದೂರ ಇಡುವ ದಾರಿಗಳು ಬಹಳ. ಫೀಸು ಬಾಕಿ ಇರುವವರು ಎದ್ದು ನಿಲ್ಲಿ ಎನ್ನುವುದು. ಪ್ರವಾಸಕ್ಕೆ ಎರಡು ಸಾವಿರ ತನ್ನಿ, ಇಲ್ಲದವರು ಮನೆಯಲ್ಲಿರಿ ಎನ್ನುವುದು. ಹುಟ್ಟುಹಬ್ಬಕ್ಕೆ ಇಡೀ ಕ್ಲಾಸಿಗೆ ಚಾಕಲೇಟು ಡಬ್ಬಿ ಹಂಚುವುದು. ನಮ್ಮ ಪರಿಚಯದ ಒಬ್ಬ ಹುಡುಗ ಉಚಿತ ಸೀಟಿನಲ್ಲಿ ಸೇರಿದವನು. ಶಾಲೆಯ ಗುಂಪು ಫೋಟೋ ಮನೆಯಲ್ಲಿ ಇಲ್ಲ. ಯಾಕೆಂದರೆ ಅದಕ್ಕೆ ಬೇರೆ ಹಣ ಕೊಡಬೇಕಿತ್ತು, ಅವನು ಮನೆಯಲ್ಲಿ ಹೇಳಲೇ ಇಲ್ಲ. ಶಾಲೆಯ ಹೆಸರು ಬೇಡ, ಈ ಕಥೆ ಒಂದೇ ಶಾಲೆಯದ್ದೂ ಅಲ್ಲ.

ಇನ್ನೊಂದು ಹೊಸ ಅಪಾಯ ಸರಕಾರಿ ಶಾಲೆಯ ಒಳಗೇ ಉಂಟು. 2019ರಿಂದ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು. ಮಕ್ಕಳು ಬಂದರು, ಖುಷಿಯ ಸಂಗತಿ. ಆದರೆ ಇಂಗ್ಲಿಷ್ ವಿಭಾಗದಲ್ಲಿ ಸ್ವಲ್ಪ ಅನುಕೂಲ ಇರುವವರು, ಕನ್ನಡ ವಿಭಾಗದಲ್ಲಿ ಏನೂ ಇಲ್ಲದವರು ಎಂದಾದರೆ ಒಂದೇ ಗೇಟಿನೊಳಗೆ ಎರಡು ಶಾಲೆ ಆದ ಹಾಗೆ. ಆಟ, ಊಟ, ಪ್ರಾರ್ಥನೆ, ಚಿತ್ರಕಲೆಯನ್ನಾದರೂ ಒಟ್ಟಿಗೆ ಮಾಡಿಸದಿದ್ದರೆ ಅಮೆರಿಕದ ಲೆಕ್ಕದ ಆ ಎರಡನೇ ಅರ್ಧ ಇಲ್ಲೂ ನಿಜ ಆಗುತ್ತದೆ.

ನಾವು ಮಾಡಬಹುದಾದದ್ದು

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಹಳದಿ ಬಸ್ಸಿನಿಂದ ನಾಳೆಯೇ ಮಕ್ಕಳನ್ನು ಇಳಿಸಿ ಎಂದೂ ಹೇಳುವುದಿಲ್ಲ, ನಾವೇ ಇಳಿಸಿಲ್ಲ. ತಮ್ಮ ಮಗುವಿಗೆ ಒಳ್ಳೆಯದಾಗಲಿ ಎಂದು ಬಯಸುವ ಯಾವ ತಂದೆ ತಾಯಿಯದ್ದೂ ತಪ್ಪಲ್ಲ. ಆದರೆ ಒಬ್ಬೊಬ್ಬರಾಗಿ ಸರಿ ಮಾಡಿದ್ದು ಊರಾಗಿ ಸೇರುವಾಗ ತಪ್ಪಾಗಿ ಕೂತಿದೆ. ಅದನ್ನು ಸರಿಪಡಿಸಲು ಊರಾಗಿಯೇ ಕೂರಬೇಕು.

ಮೊದಲನೆಯದು, ನಮ್ಮ ಸಮುದಾಯದ ಶಾಲೆಗಳ ಆಡಳಿತ ಮಂಡಳಿಗಳು ಕಾನೂನಿಗೆ ಕಾಯದೆ, ತಮ್ಮ ಇಚ್ಛೆಯಿಂದಲೇ ನಾಲ್ಕರಲ್ಲಿ ಒಂದು ಸೀಟನ್ನು ಬಡ ಮಕ್ಕಳಿಗೆ ಇಡಲಿ. ದಾನಿಗಳು ಕಟ್ಟಡದ ಮೇಲಿನ ಹೆಸರಿಗೆ ಕೊಡುವ ಹಣದ ಒಂದು ಪಾಲು ಹೆಸರಿಲ್ಲದ ಈ ಸೀಟುಗಳಿಗೆ ಬರಲಿ. ಯಾರು ಉಚಿತ, ಯಾರು ಫೀಸಿನವರು ಎಂಬುದು ಕಚೇರಿಯ ಒಂದು ಪುಸ್ತಕದಲ್ಲಿ ಮಾತ್ರ ಇರಲಿ. ಕ್ಲಾಸ್ ಟೀಚರ್‌ಗೂ ಗೊತ್ತಾಗಬೇಕಾಗಿಲ್ಲ.

ಎರಡನೆಯದು, ಮಕ್ಕಳನ್ನು ಸೆಕ್ಷನ್‌ಗಳಿಗೆ ಹಂಚುವಾಗ ಮಾರ್ಕು ನೋಡಿಯೋ ಮನೆ ನೋಡಿಯೋ ಹಂಚಬೇಡಿ. ಅಕ್ಷರ ಕ್ರಮ ಸಾಕು, ದಿಲ್ಲಿಯಲ್ಲಿ ಅದು ಕೆಲಸ ಮಾಡಿದೆ. ಪ್ರವಾಸ, ಫೋಟೋ, ಶಾಲಾ ದಿನದ ಬಟ್ಟೆ ಇವುಗಳ ಹಣವನ್ನು ಮಗುವಿನ ಕೈಯಿಂದ ಕೇಳುವ ಪದ್ಧತಿ ನಿಲ್ಲಲಿ.

ಮೂರನೆಯದು, ಸರಕಾರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದೇವೆ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅಲ್ಲಿ ನಾವು ಕುರ್ಚಿ ಹಿಡಿಯಬೇಕಾಗಿಲ್ಲ. ಆದರೆ ಆ ಐದಾರು ತಾಯಂದಿರು ಶಿಕ್ಷಣ ಕಚೇರಿಗೆ ಹೋಗುವ ದಿನ ಜೊತೆಗೆ ಹೋಗಬಹುದು. ಅರ್ಜಿ ಬರೆದುಕೊಡಬಹುದು. ತಿಂಗಳಿಗೊಮ್ಮೆ ಹೋಗಿ ಹಲಸಿನ ಮರದಡಿ ನಿಂತು, ಹತ್ತನೇ ಕ್ಲಾಸಿನ ನಂತರ ಏನೆಲ್ಲ ಉಂಟು ಎಂದು ಹೇಳಬಹುದು.

ನಾಲ್ಕನೆಯದು, ಮದ್ರಸದ ಬೆಂಚನ್ನು ಉಳಿಸಿಕೊಳ್ಳಿ. ಮನೆಗೇ ಉಸ್ತಾದರನ್ನು ಕರೆಸುವುದು, ಮೊಬೈಲಿನಲ್ಲೇ ಮದ್ರಸ ಮುಗಿಸುವುದು ಈಗ ಅನುಕೂಲಸ್ಥರಲ್ಲಿ ಬೆಳೆಯುತ್ತಿದೆ. ಸಮಯ ಉಳಿಯಬಹುದು. ಆದರೆ ನಮ್ಮ ಮಕ್ಕಳು ಎಲ್ಲರ ಜೊತೆ ಕೂರುವ ಕೊನೆಯ ಜಾಗ ಅದು. ಅದೂ ಹೋದರೆ ಉಳಿಯುವುದು ಏನು?

ಈ ಬರಹ ಮುಗಿಸುವ ಮೊದಲು ಮಗಳ ಪ್ರಶ್ನೆಗೆ ಬರುತ್ತೇವೆ. ಅವಳಿಗೆ ನಾವು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಆದರೆ ಈಗ ಭಾನುವಾರ ಮಧ್ಯಾಹ್ನ ಆ ಗೆಳತಿ ನಮ್ಮ ಮನೆಗೆ ಬರುತ್ತಾಳೆ, ಇವಳು ಅವಳ ಮನೆಗೆ ಹೋಗುತ್ತಾಳೆ. ಇಬ್ಬರೂ ಚಾವಡಿಯಲ್ಲಿ ಬಿದ್ದುಕೊಂಡು ಒಂದೇ ಪುಸ್ತಕ ಓದುತ್ತಾರೆ. ಇವಳ ಇಂಗ್ಲಿಷ್ ಅವಳಿಗೆ, ಅವಳ ಕನ್ನಡ ಮತ್ತು ಮಗ್ಗಿ ಇವಳಿಗೆ. ಮಗ್ಗಿಯಲ್ಲಿ ಅವಳೇ ಮುಂದೆ, ಹದಿನಾರರವರೆಗೆ ನಿಲ್ಲದೆ ಹೇಳುತ್ತಾಳೆ. ಹೋದ ವಾರ ಅವಳು ನಮ್ಮನ್ನು ಕೇಳಿದಳು: "ಡಾಕ್ಟರ್ ಆಗಲು ಯಾವ ಶಾಲೆಗೆ ಹೋಗಬೇಕು?"

ಯಾವ ಶಾಲೆಯಿಂದಲೂ ಆಗಬಹುದು ಎಂದೆವು. ಅದು ನಿಜ ಆಗುವ ಹಾಗೆ ಮಾಡುವ ಕೆಲಸ ಮಾತ್ರ ಬಾಕಿ ಉಂಟು. ಹೊಸ ಅಡ್ಮಿಷನ್ ಶುರುವಾಗುವ ಮೊದಲು ನಿಮ್ಮ ಜಮಾಅತ್ ಸಭೆಯಲ್ಲಿ, ನಿಮ್ಮ ಶಾಲೆಯ ಕಮಿಟಿಯಲ್ಲಿ ಒಮ್ಮೆ ಈ ವಿಷಯ ಎತ್ತಿ ನೋಡಿ.